ಮೂರು ಕೋಟಿ ಪದಗಳ ಲೆಕ್ಕಾಚಾರ

ಬಡವರ ಮನೆಯ ಮಗು ನಾಲ್ಕು ವರ್ಷ ತುಂಬುವ ಹೊತ್ತಿಗೆ ಉಳ್ಳವರ ಮಗುವಿಗಿಂತ 3 ಕೋಟಿ ಪದಗಳನ್ನು ಕಡಿಮೆ ಕೇಳಿಸಿಕೊಂಡಿರುತ್ತದೆ ಎಂಬ ಸುದ್ದಿ ಮತ್ತೊಮ್ಮೆ ಹೊಚ್ಚ ಹೊಸದೆಂಬಂತೆ ಪ್ರತ್ಯಕ್ಷವಾಗಿದೆ. ಪುಸ್ತಕ ಹಿಡಿದು ನಗುವ ತಾಯಿ-ಮಗುವಿನ ಚಿತ್ರವೂ, ‘ಮಗುವಿನೊಂದಿಗೆ ಹೆಚ್ಚು ಮಾತನಾಡಿ’ ಎಂಬ ಹಿತವಚನವೂ ಎಂದಿನಂತೆ ಜೊತೆಗಿವೆ. ಭಾಷಾ ಕಲಿಕೆಯ ಕುರಿತ ಡಾಕ್ಟರೇಟ್ ಪ್ರಬಂಧಗಳು ಒಂದರ ಮೇಲೊಂದು ಗ್ರಂಥಾಲಯದ ಕಪಾಟು ಸೇರಿ ಧೂಳು ತಿನ್ನುತ್ತಿರುವಾಗ, ಈ ಒಂದು ಸಂಖ್ಯೆಗೆ ಮಾತ್ರ ಮುಪ್ಪೂ ಇಲ್ಲ, ಸಾವೂ ಇಲ್ಲ.

ಲೆಕ್ಕ ಹಾಕಿದವರ ತಾಳ್ಮೆಯನ್ನು ಮೆಚ್ಚಲೇಬೇಕು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅವರ ತಂಡ 42 ಕುಟುಂಬಗಳಲ್ಲಿ ತಿಂಗಳಿಗೊಂದು ಗಂಟೆಯಂತೆ ಸುಮಾರು ಎರಡೂವರೆ ವರ್ಷ ಧ್ವನಿಮುದ್ರಣ ನಡೆಸಿ, ಕೇಳಿದ್ದನ್ನೆಲ್ಲ ಅಕ್ಷರಕ್ಕಿಳಿಸಿ, 1995ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆ 42ರಲ್ಲಿ ಸರ್ಕಾರದ ನೆರವಿನಿಂದ ಬದುಕುತ್ತಿದ್ದ ಕುಟುಂಬಗಳು ಆರೇ ಆರು. ಗಂಟೆಗಳನ್ನು ವರ್ಷಗಳಿಗೆ ಗುಣಿಸಿದವರು ಸಂಶೋಧಕರು. ಆರು ಮನೆಗಳನ್ನು ಭೂಮಂಡಲದ ಸಮಸ್ತ ಬಡತನಕ್ಕೆ ಗುಣಿಸಿದ ಕೀರ್ತಿ ಆಮೇಲೆ ಬಂದವರಿಗೆ ಸಲ್ಲಬೇಕು. ವಿಶ್ವವಿದ್ಯಾಲಯದಿಂದ ಬಂದು ಮೂಲೆಯಲ್ಲಿ ಕುಳಿತು, ತಾವು ತುಟಿ ಬಿಚ್ಚದೆ ಪರರ ಮಾತನ್ನು ದಾಖಲಿಸಿಕೊಳ್ಳುವ ಅಪರಿಚಿತರ ಎದುರು ಯಾರ ನಾಲಿಗೆ ಸಲೀಸಾಗಿ ಹೊರಳುತ್ತದೆ, ಯಾರದ್ದು ಕಟ್ಟಿಹೋಗುತ್ತದೆ ಎಂಬುದನ್ನು ಊಹಿಸಲು ಡಾಕ್ಟರೇಟ್ ಬೇಕಾಗಿಲ್ಲ.

ಅಲ್ಪ ಮಾದರಿಯಿಂದ ಮಹಾ ಸತ್ಯವನ್ನು ಕಾಣುವ ಈ ವಿದ್ಯೆ ಬಹಳ ಹಳೆಯದು. ಈಜಿಪ್ಟಿನ ಅರಸ ಸಮೆಟಿಕಸ್ ಜಗತ್ತಿನ ಅತ್ಯಂತ ಪ್ರಾಚೀನ ಜನಾಂಗ ಯಾವುದೆಂದು ತಿಳಿಯಲು ಎರಡು ಹಸುಗೂಸುಗಳನ್ನು ಕುರುಬನೊಬ್ಬನಿಗೆ ಒಪ್ಪಿಸಿ, ಅವುಗಳೆದುರು ಯಾರೂ ಮಾತನಾಡಕೂಡದು, ಆಡಿನ ಹಾಲು ಕುಡಿಸಿ ಬೆಳೆಸತಕ್ಕದ್ದು ಎಂದು ಆಜ್ಞೆ ಮಾಡಿದನೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಎರಡು ವರ್ಷಗಳ ಬಳಿಕ ಮಕ್ಕಳು ಕೈಚಾಚಿ ‘ಬೆಕೋಸ್’ ಎಂದವು. ಅದು ಇಂದಿನ ಟರ್ಕಿಯ ಪ್ರದೇಶದಲ್ಲಿದ್ದ ಫ್ರಿಜಿಯನ್ನರ ಭಾಷೆಯಲ್ಲಿ ರೊಟ್ಟಿ ಎಂದು ವಿಚಾರಣೆಯಿಂದ ತಿಳಿದುಬಂದು, ಫ್ರಿಜಿಯನ್ನರೇ ಆದಿಮರೆಂದು ತೀರ್ಮಾನವಾಯಿತು. ಮಾದರಿ ಎರಡು, ನೈತಿಕ ಸಮಿತಿಯ ಅಧ್ಯಕ್ಷ ಸ್ವತಃ ಅರಸ, ಹಗಲಿರುಳು ‘ಬೇ’ ಎನ್ನುತ್ತಿದ್ದ ಆಡುಗಳ ಕೊಡುಗೆಯ ಬಗ್ಗೆ ಮೌಖಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯೂ ಇಲ್ಲ. ಆದರೂ ಆ ದೊರೆಯ ಬಗ್ಗೆ ನನಗೆ ಗೌರವವಿದೆ. ತನ್ನವರೇ ಮೊದಲಿಗರೆಂಬ ನಂಬಿಕೆಗೆ ವಿರುದ್ಧವಾದ ಫಲಿತಾಂಶವನ್ನು ಆತ ಮುಚ್ಚಿಡಲಿಲ್ಲ. ಎರಡು ಭಾಷೆ ಬಲ್ಲವರ ಬುದ್ಧಿ ಹೆಚ್ಚು ಚುರುಕೆಂಬ ಜನಪ್ರಿಯ ಸಿದ್ಧಾಂತದ ಬಗ್ಗೆ ಸಮ್ಮೇಳನಗಳಲ್ಲಿ ಮಂಡನೆಯಾದ ಅಧ್ಯಯನಗಳನ್ನು 2015ರಲ್ಲಿ ಕೆಲವರು ಪರಿಶೀಲಿಸಿದಾಗ, ಸಿದ್ಧಾಂತವನ್ನು ಪೂರ್ತಿ ಬೆಂಬಲಿಸಿದವುಗಳಲ್ಲಿ ಶೇ. 68ರಷ್ಟು ನಿಯತಕಾಲಿಕಗಳಲ್ಲಿ ಅಚ್ಚಾಗಿದ್ದವು, ಪೂರ್ತಿ ಅಲ್ಲಗಳೆದವುಗಳಲ್ಲಿ ಶೇ. 29 ಮಾತ್ರ. ಸಮೆಟಿಕಸ್ ಇಂದು ಇದ್ದಿದ್ದರೆ ಅವನ ಪ್ರಬಂಧವೂ ಮೇಜಿನ ಸೆಳೆಖಾನೆಯಲ್ಲೇ ಉಳಿಯುತ್ತಿತ್ತು.

ಅಚ್ಚಾದರೂ ಓದುವವರಾರು ಎಂಬ ಚಿಂತೆಗೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲೇ ಸ್ಪರ್ಧೆಯೊಂದರ ರೂಪದಲ್ಲಿ ಮದ್ದು ಕಂಡುಹಿಡಿದಿದೆ. 80,000 ಪದಗಳ ಪ್ರಬಂಧವನ್ನು ಮಂಡಿಸಲು ಒಂಬತ್ತು ಗಂಟೆ ಬೇಕು. ಅಲ್ಲಿ ಕೊಡುವುದು ಮೂರು ನಿಮಿಷ, ತೋರಿಸಬಹುದಾದದ್ದು ಒಂದೇ ಒಂದು ಸ್ಲೈಡ್. ಇದು ಈಗ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಿಗೆ ಹಬ್ಬಿದ ಸ್ಪರ್ಧೆ. ಅರ್ಥವಿಲ್ಲದ ಉಚ್ಚಾರಾಂಶಗಳ ಎಡೆಬಿಡದ ಪ್ರವಾಹವನ್ನು ಎರಡೇ ನಿಮಿಷ ಕೇಳಿದ ಎಂಟು ತಿಂಗಳ ಶಿಶುಗಳು ಅದರಲ್ಲಿ ಪದಗಳ ಎಲ್ಲೆಯನ್ನು ಗುರುತಿಸಬಲ್ಲವೆಂದು 1996ರ ಒಂದು ಪ್ರಯೋಗ ತೋರಿಸಿತ್ತು. ತೀರ್ಪುಗಾರರಿಗೆ ಒಂದು ನಿಮಿಷ ಹೆಚ್ಚುವರಿಯಾಗಿ ದೊರೆತಿರುವುದು ವಯಸ್ಸಿನ ಕಾರಣಕ್ಕಿರಬೇಕು.

ಸಂವಹನ ಕಲೆಯನ್ನು ಹೇಳಿಕೊಡುವ ತರಬೇತುದಾರರ ಕೈಯಲ್ಲೂ ಒಂದು ಸ್ಲೈಡ್ ಇದ್ದೇ ಇರುತ್ತದೆ: ಸಂವಹನದಲ್ಲಿ ಪದಗಳ ಪಾಲು ಶೇ. 7, ಧ್ವನಿಯದು 38, ಮುಖಭಾವ ಹಾಗೂ ದೇಹಭಾಷೆಯದು 55. ಇದರ ಮೂಲವಿರುವುದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಎರಡು ಪ್ರಯೋಗಗಳಲ್ಲಿ. ಅಲ್ಲಿ ಕೇಳಿಸಿದ್ದು ವಾಕ್ಯಗಳನ್ನಲ್ಲ, ಬಿಡಿ ಪದಗಳನ್ನು. ಇಷ್ಟ-ಅನಿಷ್ಟಗಳಂಥ ಭಾವನೆಗಳ ವಿಷಯಕ್ಕಷ್ಟೇ ಇದು ಅನ್ವಯಿಸುತ್ತದೆಂದು ಅವರೇ ಸ್ಪಷ್ಟಪಡಿಸಿದ್ದಾರೆ, ಆದರೆ ಆ ಸ್ಪಷ್ಟನೆ ಪದಗಳಲ್ಲಿದ್ದುದರಿಂದ ಯಾರಿಗೂ ತಲುಪಿಲ್ಲ. ಈ ಸೂತ್ರದ ಪ್ರಕಾರ 80,000 ಪದಗಳ ಪ್ರಬಂಧದಲ್ಲಿ 5,600 ಪದಗಳಿದ್ದರೆ ಸಾಕು. ಮಿಕ್ಕದ್ದನ್ನು ಸಂಶೋಧಕರು ಹುಬ್ಬು ಹಾರಿಸಿ ನಿಭಾಯಿಸಬಹುದು.

ಇಲ್ಲಿಯವರೆಗೆ ನಗಬಹುದು. ಡಗ್ಲಸ್ ಸ್ಪೆರಿ, ಲಿಂಡಾ ಸ್ಪೆರಿ ಮತ್ತು ಪೆಗ್ಗಿ ಮಿಲ್ಲರ್ ಎಂಬ ಸಂಶೋಧಕರು ಅಮೆರಿಕದ ಐದು ಸಮುದಾಯಗಳಲ್ಲಿ ತಾಯಿಯದಷ್ಟೇ ಅಲ್ಲದೆ ಮಗುವಿನ ಸುತ್ತಲಿನ ಇತರರ ಮಾತನ್ನೂ ಎಣಿಸಿ, 3 ಕೋಟಿ ಪದಗಳ ಆ ಪ್ರಸಿದ್ಧ ಅಂತರ ತಮಗೆ ಕಾಣಲಿಲ್ಲವೆಂದು 2019ರಲ್ಲಿ ಪ್ರಕಟಿಸಿದರು. ಮಗುವನ್ನೇ ಉದ್ದೇಶಿಸಿ ಆಡಿದ ಮಾತಿನ ತೂಕವೇ ಬೇರೆ ಎಂದು ಬೇರೆ ವಿದ್ವಾಂಸರು ಉತ್ತರ ಕೊಟ್ಟರು. ವಾದ ಮಾಡಲಿ, ಅದು ಅವರ ಕೆಲಸ. ಆದರೆ ಸುದ್ದಿಯಲ್ಲಿ ಆ ವಾದದ ಸುಳಿವೂ ಇರುವುದಿಲ್ಲ. ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ ಶೇ. 1.5ರಷ್ಟು ಮಾತ್ರವೇ ಮಕ್ಕಳ ಭಾಷೆಯ ಪ್ರಮುಖ ನಿಯತಕಾಲಿಕಗಳಲ್ಲಿ ಕಾಣಿಸಿಕೊಂಡಿವೆ, ಅವುಗಳಲ್ಲೂ ಇಂಗ್ಲಿಷಿನದೇ ಸಿಂಹಪಾಲು ಎಂಬ ಸಂಗತಿಯೂ ಇರುವುದಿಲ್ಲ. ಉಳಿದ ಭಾಷೆಗಳ ಮಕ್ಕಳು ಸಂಶೋಧಕರ ಅಪ್ಪಣೆಗೆ ಕಾಯದೆ ಮಾತು ಕಲಿತುಬಿಟ್ಟಿದ್ದಾರೆ; ಅಶಿಸ್ತು ಎಂದರೆ ಇದೇ ಇರಬೇಕು.

ಅಮೆರಿಕದ ಪ್ರಾವಿಡೆನ್ಸ್ ನಗರವು ಇದೇ 3 ಕೋಟಿಯ ಅಂತರವನ್ನು ತುಂಬುವ ಯೋಜನೆಗೆ 2013ರಲ್ಲಿ ದೊಡ್ಡ ಬಹುಮಾನ ಗೆದ್ದಿತು. ಮಗುವಿನ ಅಂಗಿಯಲ್ಲಿ ಪುಟ್ಟ ಧ್ವನಿಮುದ್ರಕವನ್ನಿಟ್ಟು, ಕಂಪ್ಯೂಟರಿನಿಂದ ಪದಗಳನ್ನು ಎಣಿಸಿ, ಬಡ ತಂದೆತಾಯಂದಿರಿಗೆ ಮನೆಗೇ ಬಂದು ಸಲಹೆ ಕೊಡುವ ಏರ್ಪಾಡದು. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಎರಡು ಕಡೆ ದುಡಿದು, ಮಗು ಮಲಗಿದ ಮೇಲೆ ಮನೆ ಸೇರುವ ತಾಯಿಗೆ ನೀನು ಸಾಕಷ್ಟು ಮಾತನಾಡುತ್ತಿಲ್ಲ ಎಂದು ಹೇಳಲು ಇಷ್ಟೊಂದು ಯಂತ್ರ, ಇಷ್ಟೊಂದು ಸಂಖ್ಯೆ, ಇಷ್ಟೊಂದು ಡಾಕ್ಟರುಗಳು ಏಕೆ ಬೇಕು? ಕೂಲಿ ಹೆಚ್ಚಿಸಿ, ಆಕೆಯನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಿ. ಮಗುವಿನೊಂದಿಗೆ ಏನು ಮಾತನಾಡಬೇಕೆಂಬುದು ಆಕೆಗೆ ಗೊತ್ತಿದೆ.