ಮಂಗಳನಿಗೆ ಮೌಢ್ಯ

ಗ್ರಹವೊಂದು ಸೂರ್ಯನ ಬಳಿ ಸರಿದು ಕಣ್ಣಿಗೆ ಬೀಳದಂತಾದರೆ ಪಂಚಾಂಗದವರು ಅದನ್ನು ಮೌಢ್ಯ ಎನ್ನುತ್ತಾರೆ. ಸುಮಾರು 26 ತಿಂಗಳಿಗೊಮ್ಮೆ ಮಂಗಳನಿಗೂ ಇದು ಬರುತ್ತದೆ. ಭೂಮಿ ಇತ್ತ, ಮಂಗಳ ಅತ್ತ, ನಡುವೆ ಸೂರ್ಯ. ಸೂರ್ಯನ ಸುತ್ತ ಹಬ್ಬಿದ ವಿದ್ಯುದಾವಿಷ್ಟ ಅನಿಲ, ಅಂದರೆ ಅವನ ಪ್ರಭಾವಲಯ (ಕರೋನಾ), ರೇಡಿಯೊ ಸಂಕೇತಗಳನ್ನು ಕಲಸಿಬಿಡುತ್ತದೆ. ಕಳುಹಿಸಿದ ಆಜ್ಞೆ ಅರ್ಧಂಬರ್ಧ ತಲುಪಿ ಮಂಗಳನ ನೆಲದ ಮೇಲೆ ಓಡಾಡುವ ರೋವರ್ ಏನು ಅನಾಹುತ ಮಾಡಿಕೊಂಡೀತೋ ಎಂಬ ಅಂಜಿಕೆಯಿಂದ ನಾಸಾದವರು ಎರಡು ವಾರದ ಮಟ್ಟಿಗೆ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತಾರೆ. 2023ರಲ್ಲಿ ನವೆಂಬರ್ 11ರಿಂದ 25ರವರೆಗೆ ನಿಲ್ಲಿಸಿದ್ದರು. ನಮ್ಮ ಮಂಗಳಯಾನವೂ 2015ರ ಜೂನ್‌ನಲ್ಲಿ ಈ ಮೌನವ್ರತ ಮುಗಿಸಿ ಬಂದದ್ದೇ.

ರೋವರ್‌ಗಳಿಗೆ ಇದರಿಂದ ಯಾವ ಬೇಸರವೂ ಇಲ್ಲ. ಮೊದಲೇ ಬರೆದುಕೊಟ್ಟ ಚೀಟಿಯ ಪ್ರಕಾರ ನಿಂತಲ್ಲೇ ನಿಂತು, ಹವೆ ನೋಡಿಕೊಂಡು, ಕಂಡದ್ದನ್ನು ಗಂಟು ಕಟ್ಟಿಟ್ಟುಕೊಳ್ಳುತ್ತವೆ. ಬೇಸರವೆಲ್ಲ ನಮ್ಮದು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮಂಗಳದಿಂದ ಹೊಸ ಕಲ್ಲಿನ ಚಿತ್ರ ಬಂದಿದೆಯೇ ಎಂದು ನೋಡುವ ಪಂಗಡ ನಮ್ಮದು. ಆ ಕಲ್ಲಿನಿಂದ ನಮಗೆ ಆಗಬೇಕಾದದ್ದು ಏನೂ ಇಲ್ಲ. ಆದರೂ ಬರಬೇಕು.

ಮೊದಲ ಮೂರು ದಿನ ಎಲ್ಲರೂ ಎಲ್ಲರಿಗೂ ಸೂರ್ಯನ ಪ್ರಭಾವಲಯದ ಬಗ್ಗೆ ಪಾಠ ಹೇಳುತ್ತಾರೆ. ನಾಲ್ಕನೆಯ ದಿನ ಪಾಠ ಕೇಳಲು ಯಾರೂ ಉಳಿದಿರುವುದಿಲ್ಲ. ಆಗ ಹಳೆಯ ಚಿತ್ರಗಳು ಹೊರಬರುತ್ತವೆ. ಒಂದು ಕಲ್ಲನ್ನು ಹಿಗ್ಗಿಸಿ, ಇನ್ನೂ ಹಿಗ್ಗಿಸಿ, ಕೊನೆಗೆ ನಾಲ್ಕು ಬೂದು ಚೌಕಗಳಷ್ಟೇ ಉಳಿದಾಗ ಒಬ್ಬ ಮಹಾಶಯನಿಗೆ ಅದರಲ್ಲಿ ಮೆಟ್ಟಿಲು ಕಾಣುತ್ತದೆ. ಮೆಟ್ಟಿಲಿದ್ದ ಮೇಲೆ ಮನೆ ಇರಬೇಕು, ಮನೆ ಇದ್ದ ಮೇಲೆ ಯಜಮಾನ ಇರಬೇಕು. ಎರಡನೆಯ ವಾರದ ಹೊತ್ತಿಗೆ ಪ್ರಶ್ನೆ ಸೂರ್ಯನ ಮೇಲೆಯೇ ತಿರುಗುತ್ತದೆ: ಅವನು ಅಡ್ಡ ಬರುವ ದಿನಾಂಕ ನಾಸಾದವರಿಗೆ ವರ್ಷಗಳ ಮೊದಲೇ ಗೊತ್ತಿತ್ತೆಂದರೆ ಇದು ಪೂರ್ವನಿಯೋಜಿತವಲ್ಲವೇ? ಹೌದು. 1609ರಲ್ಲಿ ಇದೇ ಮಂಗಳನ ಹಾದಿಯ ಲೆಕ್ಕ ಬಿಡಿಸಿ ಪ್ರಕಟಿಸಿದ ಖಗೋಳಜ್ಞ ಕೆಪ್ಲರ್‌ನನ್ನು ಮೊದಲ ಆರೋಪಿ ಮಾಡಬೇಕು.

ಸೂರ್ಯನ ಕೈವಾಡವಿಲ್ಲದೆಯೂ ಮೌಢ್ಯ ಹಿಡಿಯಬಹುದು ಎಂಬುದನ್ನು 2025ರಲ್ಲಿ ಅಮೆರಿಕ ಸರ್ಕಾರ ತೋರಿಸಿಕೊಟ್ಟಿತು. ಅನುದಾನಕ್ಕೆ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಂದು ಕಚೇರಿಗಳಿಗೆ ಬೀಗ ಬಿತ್ತು. ಮರುದಿನವೇ, ಬೇರೆ ನಕ್ಷತ್ರಲೋಕದಿಂದ ಬಂದ 3ಐ/ಅಟ್ಲಾಸ್ ಧೂಮಕೇತುವಿನ ಚಿತ್ರವನ್ನು ಮಂಗಳನ ಸುತ್ತ ತಿರುಗುವ ಮಾರ್ಸ್ ರಿಕಾನಿಸನ್ಸ್ ಆರ್ಬಿಟರ್ ತೆಗೆಯಿತು. ನೌಕೆಗೆ ರಜೆ ಇರಲಿಲ್ಲ, ಚಿತ್ರ ಹೊರಗೆ ಕೊಡಬೇಕಾದವರಿಗೆ ಇತ್ತು. ಅಷ್ಟು ಸಾಕಾಯಿತು. ಅದು ಧೂಮಕೇತುವೇ ಅಲ್ಲ, ಅನ್ಯಲೋಕದವರ ನೌಕೆ, ಅದಕ್ಕೇ ಚಿತ್ರ ಮುಚ್ಚಿಟ್ಟಿದ್ದಾರೆ ಎಂಬ ಪುಕಾರು ಹಬ್ಬಿತು. ಸಂಬಳವಿಲ್ಲದೆ ಮನೆಗೆ ಹೋದ ನೌಕರರು ಬ್ರಹ್ಮಾಂಡದ ಅತಿ ದೊಡ್ಡ ಗುಟ್ಟನ್ನು ಬಾಯಿಬಿಡದೆ 43 ದಿನ ಕಾಪಾಡಿದರು ಎಂದು ನಂಬಲು, ನೌಕರಿ ಎಂದರೇನೆಂದು ಗೊತ್ತಿಲ್ಲದವನೇ ಆಗಿರಬೇಕು.

ಇದರಲ್ಲಿ ನನಗೆ ಬಹಳ ಇಷ್ಟವಾದ ಭಾಗ ಬೇರೆ. ಯುರೋಪಿನವರ ಟ್ರೇಸ್ ಗ್ಯಾಸ್ ಆರ್ಬಿಟರ್ ಕೂಡ ಅದೇ ಧೂಮಕೇತುವನ್ನು ಮಂಗಳದ ಬಳಿಯಿಂದಲೇ ಅಕ್ಟೋಬರ್ 3ರಂದು ನೋಡಿತ್ತು. ಅವರು 7ರಂದೇ ಚಿತ್ರ ಬಿಡುಗಡೆ ಮಾಡಿದರು. ಒಂದು ಮಸುಕು ಬಿಳಿ ಚುಕ್ಕೆ. ಅದರ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ತೆರೆದಿಟ್ಟದ್ದರಲ್ಲಿ ಏನು ಸ್ವಾರಸ್ಯ? ಕೊನೆಗೆ ನವೆಂಬರ್ 19ರಂದು ನಾಸಾದ ಚಿತ್ರವೂ ಬಂತು. ಸುಮಾರು 3 ಕೋಟಿ ಕಿಲೋಮೀಟರ್ ದೂರದಿಂದ ತೆಗೆದದ್ದು. ಚಿತ್ರದ ಒಂದೊಂದು ಪಿಕ್ಸೆಲ್ಲೂ 30 ಕಿಲೋಮೀಟರ್ ಅಗಲ. ಕಂಡದ್ದು ಮಸುಕು ಬಿಳಿ ಉಂಡೆ. ಗುಡ್ಡ ಅಗೆದು ಇಲಿ ಹಿಡಿದವರು ಇಲಿಯನ್ನಾದರೂ ಒಪ್ಪಿಕೊಳ್ಳುತ್ತಾರೆ. ಇವರು, ಇದು ಇಲಿಯಲ್ಲ, ಇಲಿಯ ವೇಷದ ಆನೆ ಎಂದರು.

ಕಾಯುವುದು ಗೊತ್ತಿದ್ದ ಕಾಲವೂ ಇತ್ತು, ಅದು ಬಹಳ ಹಿಂದೆಯೂ ಅಲ್ಲ. 2015ರ ಜುಲೈ 14ರಂದು ಪ್ಲೂಟೊವನ್ನು ದಾಟಿದ ನ್ಯೂ ಹೊರೈಜನ್ಸ್ ನೌಕೆ, ಕಂಡದ್ದನ್ನೆಲ್ಲ ಸೆಕೆಂಡಿಗೆ ಒಂದೆರಡು ಕಿಲೋಬಿಟ್‌ಗಳಂತೆ ಹೇಳಿ ಮುಗಿಸುವಾಗ 2016ರ ಅಕ್ಟೋಬರ್ ಬಂದಿತ್ತು. ಇತ್ತ ಮಂಗಳದ ಮೇಲಿನ ಕ್ಯೂರಿಯಾಸಿಟಿ ರೋವರ್ 2012ರಿಂದ ಕಳುಹಿಸಿದ ಕಚ್ಚಾ ಚಿತ್ರಗಳು ಯಾರು ಬೇಕಾದರೂ ನೋಡುವಂತೆ ರಾಶಿ ಬಿದ್ದಿವೆ. ನೋಡಲು ನಮಗೆ ಪುರುಸೊತ್ತಿಲ್ಲ. ಇನ್ನೂ ಬಾರದ ಚಿತ್ರಕ್ಕಾಗಿ ಕಾಯುವ ಕೆಲಸವಿದೆಯಲ್ಲ.

2023ರ ಮೌನಕ್ಕೆ ಮುಂಚೆ ಕ್ಯೂರಿಯಾಸಿಟಿಗೆ ಕೊಟ್ಟ ಕೊನೆಯ ಕೆಲಸಗಳಲ್ಲಿ ಒಂದು, ನಿಂತ ಜಾಗದಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ 12 ಗಂಟೆ ಚಿತ್ರ ತೆಗೆಯುವುದು. ಮೋಡವೋ ಸುಂಟರಗಾಳಿಯೋ ಸಿಕ್ಕೀತು ಎಂದು ವಿಜ್ಞಾನಿಗಳಿಗೆ ಆಸೆ. ಎರಡೂ ಸಿಗಲಿಲ್ಲ. ಸಿಕ್ಕಿದ್ದು ರೋವರಿನದೇ ನೆರಳು, ನೆಲದ ಮೇಲೆ ನಿಧಾನವಾಗಿ ಸರಿಯುತ್ತಾ ಹೋದದ್ದು. ನಾನು ಅದನ್ನು ಮೂರು ಸಲ ನೋಡಿದೆ. ನಾಲ್ಕನೆಯ ಸಲ ಪಕ್ಕದಲ್ಲಿ ಕುಳಿತಿದ್ದ ಗೆಳೆಯ ದನಿ ತಗ್ಗಿಸಿ ಕೇಳಿದ: "ಅಲ್ಲ, ಆ ನೆರಳು ಯಾರದ್ದು?"