ಸತ್ಯಾಂಶ: ಮೊದಲ ಹ್ಯಾಟ್ರಿಕ್ ಯಾರದ್ದು?

'ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಹ್ಯಾಟ್ರಿಕ್ ಅಮೆರಿಕದ ಮಿಷೆಲ್ ಏಕರ್ಸ್ ಅವರದ್ದು' ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ತಪ್ಪು. (ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಅಂದ್ರೆ ಒಂದೇ ಪಂದ್ಯದಲ್ಲಿ ಒಬ್ಬರೇ ಮೂರು ಗೋಲು ಹೊಡೆಯೋದು.) ಮೊದಲ ವಿಶ್ವಕಪ್‌ನಲ್ಲಿ ಏಕರ್ಸ್ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದದ್ದೇನೋ ನಿಜ, ಆದರೆ ಅದು 1991ರ ನವೆಂಬರ್ 24ರಂದು. ಅದಕ್ಕೂ ಒಂದು ವಾರ ಮೊದಲು, ನವೆಂಬರ್ 17ರಂದೇ, ಚೀನಾದ ಜಿಯಾಂಗ್‌ಮೆನ್‌ನಲ್ಲಿ ಇಟಲಿಯ ಕ್ಯಾರೊಲಿನಾ ಮೊರಾಚೆ ಮೂರು ಗೋಲು ಹೊಡೆದಾಗಿತ್ತು. ಎದುರಾಳಿ ಚೈನೀಸ್ ತೈಪೆ (ಕ್ರೀಡೆಯಲ್ಲಿ ತೈವಾನ್ ತಂಡದ ಹೆಸರು), ಇಟಲಿಗೆ 5-0 ಗೆಲುವು. ಮೊದಲೆರಡು ಗೋಲು ಬೇರೆಯವರದ್ದು, ಕೊನೆಯ ಮೂರೂ ಇವರದ್ದೇ. ಆಗ ಪಂದ್ಯ ಈಗಿನಂತೆ 90 ಅಲ್ಲ, ಬರೀ 80 ನಿಮಿಷದ್ದು ಬೇರೆ! ಏಕರ್ಸ್ ಐದು ಗೋಲು ಹೊಡೆದದ್ದೂ ಇದೇ ತೈಪೆ ವಿರುದ್ಧ. ಗೊಂದಲ ಬಹುಶಃ ಅಲ್ಲೇ ಹುಟ್ಟಿರಬೇಕು.

ಇಟಲಿ ಪರ ನೂರಕ್ಕೂ ಜಾಸ್ತಿ ಗೋಲು ಹೊಡೆದ ಮೊರಾಚೆ, 1999ರಲ್ಲಿ ವಿಟರ್ಬೆಸೆ ಅನ್ನೋ ಪುರುಷರ ವೃತ್ತಿಪರ ತಂಡಕ್ಕೂ ಕೋಚ್ ಆದರು. ಎರಡೇ ಪಂದ್ಯಕ್ಕೆ ಬಿಟ್ಟರು ಅನ್ನಿ.