ಮೂರು ಗಿಡ ಇಟ್ಟರೆ ಆಫೀಸಿನ ಗಾಳಿ ಶುದ್ಧ ಆಗಲ್ಲ

"ಆಫೀಸಿನಲ್ಲಿ ಮೂರು ಸ್ನೇಕ್ ಪ್ಲಾಂಟ್ ಇಡಿ, ಗಾಳಿ ಪೂರ್ತಿ ಶುದ್ಧ, ಕಿಟಕಿ ತೆಗೆಯೋದೇ ಬೇಡ, ನಾಸಾನೇ ಹೇಳಿದೆ" ಅಂತ ಒಂದು ಮೆಸೇಜ್ ನಮ್ಮ ಬೆಳಗಾವಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದರಲ್ಲಿ ನಿಜ ಸ್ವಲ್ಪ, ಒಗ್ಗರಣೆ ಜಾಸ್ತಿ.

ನಾಸಾ 1989ರಲ್ಲಿ ಅಧ್ಯಯನ ಮಾಡಿದ್ದು ನಿಜ. ಆದರೆ ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ, ಟಿಳಕವಾಡಿಯ ನಮ್ಮ ಆಫೀಸಿನ ಹಾಗೆ ಚಹಾ ತರುವ ಹುಡುಗ ಬಂದಾಗಲೆಲ್ಲ ಬಾಗಿಲು ತೆರೆಯುವ ಜಾಗದಲ್ಲಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಕಟ್ಟಡದೊಳಗೆ ಗಾಳಿ ಬಂದು ಹೋಗುವುದರಿಂದಲೇ ಆಗುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ! ಅಂದರೆ 300 ಚದರ ಅಡಿಯ ಆಫೀಸಿಗೆ ಕಡಿಮೆ ಅಂದರೂ 280 ಕುಂಡ. ಕುರ್ಚಿ ಎಲ್ಲಿ ಹಾಕ್ತೀರಿ?

ಹೊಸದಾಗಿ ಇಂಟೀರಿಯರ್ ಮಾಡಿಸಿದವರಿಗೆ ಇದು ಮುಖ್ಯ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಹೊರಬರುತ್ತದೆ, ಕಣ್ಣು ಗಂಟಲು ಉರಿಯುವುದು ಅದಕ್ಕೇ. ಮೂಲೆಯಲ್ಲಿ ಕುಂಡ ಇಟ್ಟು ಕಿಟಕಿ ಮುಚ್ಚಿ ಎಸಿ ಹಾಕಿದರೆ ಆ ಅನಿಲ ಒಳಗೇ ಸುತ್ತುತ್ತದೆ, ಯಾಕಂದ್ರೆ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕಿಟಕಿ ತೆಗೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬೆಳಗಾವಿಯಲ್ಲಿ ಗಾಳಿಗೇನೂ ಬರವಿಲ್ಲ, ಅಲ್ವಾ?

ಗಿಡ ಬೇಡ ಅಂತಲ್ಲ. ನನ್ನ ಟೇಬಲ್ ಮೇಲೂ ಬಾಟಲಿಯಲ್ಲಿ ಒಂದು ಮನಿ ಪ್ಲಾಂಟ್ ಇದೆ, ಸೋಮವಾರ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಅದನ್ನು ಇಟ್ಟಿರೋದು ನೋಡೋಕೆ ಚಂದ ಅಂತ ಅಷ್ಟೇ.